ಹಿಡಿಕೆ ಯಾವ ಕಡೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಮೀನು ಹಿಡಿಯುವ ಈ ರೀಲನ್ನು ನಾನು ಹೆಂಡತಿಗೆ ಸುಳ್ಳು ಹೇಳಿ ತರಿಸಿದೆ. ಅಂಥ ಭಾರಿ ಸುಳ್ಳೇನಲ್ಲ. "ನಿಮ್ಮಪ್ಪನಿಗೆ ಅಂತ ತರಿಸ್ತಿದೀನಿ" ಅಂದೆ, ಅಷ್ಟೆ. ಆ ಒಂದು ಮಾತಿಗೆ ಸುವರ್ಣಳ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ನಾನು ತಂದ ಯಾವ ವಸ್ತುವಿಗೂ ಬಾರದ ನೀರು ಅದು. ಅಂದು ಮಧ್ಯಾಹ್ನ ನನ್ನ ಅನ್ನದ ಮೇಲೆ ಕೇಳದೇ ಎರಡು ಚಮಚ ತುಪ್ಪ ಬಿತ್ತು. ಅದು ಸುಳ್ಳಿಗೆ ಬಿದ್ದ ತುಪ್ಪ. ಆದರೂ ತಿಂದೆ.

ಅವಳ ಕಣ್ಣೀರಿಗೆ ಕಾರಣವಿತ್ತು. ನಮ್ಮ ಮಾವ ಮೊಳಕಾಲ್ಮೂರಿನಲ್ಲಿ ಐವತ್ತು ವರ್ಷ ರೇಷ್ಮೆ ಸೀರೆ ನೇಯ್ದವರು. ಅವರ ಮಗ್ಗ ಗುಂಡಿಮಗ್ಗ; ನೆಲದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ಕೆಲಸ ಮಾಡಬೇಕು. ಹೋದ ವರ್ಷ ಅವರ ಮಂಡಿಗಳು ಗುಂಡಿಗೆ ಇಳಿಯುವುದಿಲ್ಲವೆಂದು ಹಟ ಹಿಡಿದವು. ಮಗ್ಗ ನಿಂತಿತು. ಮಗ್ಗದ ಜೊತೆಗೆ ಮಾವನ ಮಾತೂ ನಿಂತಿತು. ಮನೆ ತುಂಬ ಜನ, ಮೊಮ್ಮಕ್ಕಳ ಗಲಾಟೆ, ಹೊತ್ತುಹೊತ್ತಿಗೆ ಊಟ ಎಲ್ಲ ಇದೆ. ಆದರೆ ಅವರು ಮಾತ್ರ ಗೋಡೆಗೊರಗಿ ತಮ್ಮ ಎರಡು ಕೈಗಳನ್ನು ನೋಡಿಕೊಂಡು ಕೂತಿರುತ್ತಾರೆ. ಇದನ್ನು ನೆನೆದೇ ಸುವರ್ಣ ದಿನಕ್ಕೆರಡು ಸಲ ತವರಿಗೆ ಫೋನ್ ಮಾಡುವುದು.

ನನಗೂ ಮಾವನಿಗೂ ಮೊದಲಿಂದಲೂ ಮಾತು ಅಷ್ಟಕ್ಕಷ್ಟೆ. ಜಗಳವೇನಿಲ್ಲ, ಮಾತಾಡಲು ವಿಷಯವಿಲ್ಲ. ನಾನು ದೊಡ್ಡಉಳ್ಳಾರ್ತಿಯ ಹೈಸ್ಕೂಲಿನಲ್ಲಿ ಗಣಿತ ಹೇಳುವವನು. ಅವರಿಗೆ ರೇಷ್ಮೆ ಬಿಟ್ಟರೆ ಬೇರೆ ಪ್ರಪಂಚವಿಲ್ಲ. "ಬಂದ್ರಾ?" "ಬಂದೆ ಮಾವ." "ಊಟ?" "ಆಯ್ತು." ಇಲ್ಲಿಗೆ ನಮ್ಮ ಸಂಭಾಷಣೆ ಮುಗಿಯಿತು. ಹಬ್ಬದ ದಿನವಾದರೆ "ಬಸ್ಸು ರಶ್ ಇತ್ತಾ?" ಎಂಬುದೊಂದು ಹೆಚ್ಚಿಗೆ ಸೇರುತ್ತದೆ.

ಇನ್ನು ಮಳೆ ಕಾಣದ ಚಳ್ಳಕೆರೆ ಕಡೆಯ ಮನುಷ್ಯನಿಗೆ ಮೀನಿನ ಹುಚ್ಚು ಹೇಗೆ ಹಿಡಿಯಿತು ಎಂದು ನೀವು ಕೇಳಬಹುದು. ನಮ್ಮ ಕಡೆ ಕೆರೆ ತುಂಬಿತೆಂದರೆ ಜನ ಟಿಫನ್ ಕಟ್ಟಿಕೊಂಡು ನೋಡಲು ಹೋಗುತ್ತಾರೆ. ಹಾಗೆ ನೋಡಲು ಹೋದ ನಾನು ಏರಿಯ ಮೇಲೆ ಒಬ್ಬಾತ ರಬ್ಬರಿನ ಕಪ್ಪೆಯೊಂದನ್ನು ಜೊಂಡಿನ ನಡುವೆ ಎಸೆದು, ಅದನ್ನು ನೀರಿನ ಮೇಲೆ ಕುಣಿಸುತ್ತ ಎಳೆದು, ಮೊಳದುದ್ದದ ಕೊರಮೀನು ಹಿಡಿದದ್ದನ್ನು ಕಂಡೆ. ಕೆಲಸ ಕೆಟ್ಟಿತು. ಆವತ್ತಿನಿಂದ ಕರಿಹಲಗೆಯ ಮೇಲೆ ವೃತ್ತ ಬರೆದರೆ ನನಗೆ ರೀಲ್ ಕಾಣಿಸತೊಡಗಿತು.

ಆತ ಹಿಡಿದಿದ್ದದ್ದು ಬೇಟ್‌ಕಾಸ್ಟಿಂಗ್ ರೀಲ್. ಗಾಳದ ಕೋಲಿನ ನೆತ್ತಿಯ ಮೇಲೆ ಕೂರುವ, ಮುಷ್ಟಿಯಷ್ಟು ದೊಡ್ಡ ಯಂತ್ರ. ಕಪ್ಪೆಯನ್ನು ಎಸೆದಾಗ ಅದರೊಳಗಿನ ಉರುಳೆ ತಾನೇ ಗಿರ್ರನೆ ತಿರುಗಿ ದಾರ ಬಿಡುತ್ತದೆ. ಆ ಉರುಳೆಯನ್ನು ಹೆಬ್ಬೆರಳಿನಿಂದ ಸವರುತ್ತ ಹದದಲ್ಲಿಡಬೇಕು. ಕಪ್ಪೆ ನೀರಿಗೆ ಬಿದ್ದ ಮೇಲೂ ಉರುಳೆ ತಿರುಗುತ್ತಲೇ ಇದ್ದರೆ ದಾರವೆಲ್ಲ ಒಂದಕ್ಕೊಂದು ಹೆಣೆದುಕೊಂಡು ದೊಡ್ಡ ಸಿಕ್ಕಾಗುತ್ತದೆ. ಇದನ್ನೆಲ್ಲ ನಾನು ಮೂರು ತಿಂಗಳು ಫೋನಿನಲ್ಲಿ ಓದಿ, ನೋಡಿ ತಿಳಿದುಕೊಂಡೆ. ಹಲ್ಲಿನ ಚಕ್ರದ ಅನುಪಾತ ಏಳಕ್ಕೊಂದೋ ಆರಕ್ಕೊಂದೋ ಎಂಬ ಬಗ್ಗೆ, ಕೇಳುವವರಿದ್ದರೆ, ಒಂದು ಪೀರಿಯಡ್ ಪಾಠ ಮಾಡಬಲ್ಲೆ. ಕೇಳುವವರು ಸಿಗಲಿಲ್ಲ.

ಬೆಲೆಯ ವಿಷಯದಲ್ಲಿ ಮಾತ್ರ ನನಗೆ ಗೊಂದಲವಿರಲಿಲ್ಲ. ನಾನು ನಡುಬೆಲೆಯ ಮನುಷ್ಯ. ಅಗ್ಗದ್ದನ್ನು ತಂದರೆ ಹೆಂಡತಿ ನಗುತ್ತಾಳೆ, ದುಬಾರಿಯದನ್ನು ತಂದರೆ ನಾನೇ ಅಳುತ್ತೇನೆ. ಅಂಗಡಿಯವನು ಮೂರು ಫ್ಯಾನ್ ತೋರಿಸಿದರೆ ನನ್ನ ಬೆರಳು ತಾನಾಗಿ ಮಧ್ಯದ್ದಕ್ಕೆ ಹೋಗುತ್ತದೆ. ಹೋಟೆಲಿನಲ್ಲಿ ಬೆಲೆಪಟ್ಟಿಯ ನಡುವಿನ ಸಾಲಿನಲ್ಲಿ ಏನಿದೆಯೋ ಅದೇ ನನ್ನ ಊಟ. ನನ್ನನ್ನೂ ಹಾಗೆಯೇ ಆರಿಸಿದ್ದಾರೆಂದು ಬಹಳ ಹಿಂದೆಯೇ ಮನಸ್ಸಿಗೆ ಬಂದಿತ್ತು. ಸುವರ್ಣಳಿಗೆ ಆಗ ಬಂದಿದ್ದ ಸಂಬಂಧಗಳು ಮೂರು: ಬಳ್ಳಾರಿಯ ಒಬ್ಬ ಡಾಕ್ಟರು, ಪಕ್ಕದ ಬೀದಿಯ ಒಬ್ಬ ಅಂಗಡಿ ಲೆಕ್ಕ ಬರೆಯುವ ಹುಡುಗ, ನಡುವೆ ನಾನು. ಮಾವನೂ ಪಾಪ ಬೆರಳು ಮಧ್ಯಕ್ಕಿಟ್ಟರು. ಈ ತಿಳಿವಳಿಕೆಯಿಂದ ನನಗೆ ಬೇಜಾರೇನಿರಲಿಲ್ಲ; ಫ್ಯಾನ್ ಇಷ್ಟು ವರ್ಷ ತಿರುಗಿದೆಯಲ್ಲ ಎಂಬ ಸಮಾಧಾನವೇ ಇತ್ತು.

ನಡುಬೆಲೆಯ ರೀಲುಗಳಲ್ಲಿ ಕೊನೆಗೆ ಎರಡು ಉಳಿದವು, ಒಂದು ಕರಿ, ಒಂದು ನೀಲಿ. ಯಾವುದೆಂದು ತೀರ್ಮಾನವಾಗದೆ ಎರಡನ್ನೂ ತರಿಸಿದೆ. ಏಳು ದಿನದೊಳಗೆ ಒಂದನ್ನು ವಾಪಸ್ ಕಳಿಸಬಹುದಿತ್ತು. ದಾರ ಸುತ್ತಿದರೆ ಮಾತ್ರ ವಾಪಸಿಲ್ಲ. ಒಂದು ಸಂಗತಿಯನ್ನು ಇಲ್ಲೇ ಹೇಳಿಬಿಡಬೇಕು. ಈ ಜಾತಿಯ ರೀಲಿಗೆ ತಿರುಗಿಸುವ ಹಿಡಿಕೆ ಎಡಕ್ಕಿರಬೇಕೋ ಬಲಕ್ಕಿರಬೇಕೋ ಎಂಬುದು ಕಾರ್ಖಾನೆಯಲ್ಲೇ ನಿಶ್ಚಯವಾಗಿರುತ್ತದೆ, ಆಮೇಲೆ ಬದಲಾಯಿಸಲಾಗದು. ನಾನು ಬಲಗೈಯಲ್ಲಿ ಕೋಲು ಹಿಡಿದು ಎಸೆಯುವವನು, ಎಡಗೈಯಲ್ಲಿ ತಿರುಗಿಸುವವನು. ಎರಡಕ್ಕೂ ಎಡಗಡೆಯ ಹಿಡಿಕೆಯನ್ನೇ ಹೇಳಿದ್ದೆ. "ಅಪ್ಪಂಗೆ ಸರಿಹೋಗುತ್ತಾ, ಎಲ್ಲಾ ನೋಡಿದೀರಲ್ವಾ?" ಎಂದು ಸುವರ್ಣ ಕೇಳಿದಳು. "ಎಲ್ಲಾ ನೋಡಿದೀನಿ" ಅಂದೆ. ಸುಳ್ಳು ನಂಬರ್ ಎರಡು.

ಕರಿಯದಕ್ಕೆ ದಾರ ಸುತ್ತಿ, ಜೊತೆಗೆ ತರಿಸಿದ್ದ ಕೋಲಿಗೆ ಕೂರಿಸಿಕೊಂಡು, ಸ್ಕೂಲು ಬಿಟ್ಟ ಮೇಲೆ ಕಾವಲಿನ ಬಯಲಿಗೆ ಅಭ್ಯಾಸಕ್ಕೆ ಹೋದೆ. ಅಷ್ಟು ದೊಡ್ಡ ಹುಲ್ಲುಗಾವಲಿನಲ್ಲಿ ಎತ್ತ ಎಸೆದರೂ ಅಡ್ಡಿಯಿಲ್ಲ. ಕಾವಲಿನಲ್ಲಿ ಕಟ್ಟಿರುವ ರಕ್ಷಣಾ ಸಂಶೋಧನಾ ಕೇಂದ್ರದ ಉದ್ದನೆಯ ಕಾಂಪೌಂಡಿಗೆ ಬೆನ್ನು ಮಾಡಿ ನಿಂತೆ; ಅದರತ್ತ ಏನನ್ನಾದರೂ ಎಸೆದು ಸಿಕ್ಕಿಬೀಳುವುದು ಗಣಿತದ ಮೇಷ್ಟ್ರಿಗೆ ಶೋಭಿಸುವುದಿಲ್ಲ. ಕಪ್ಪೆ ಹಾರಿತು. ಉರುಳೆ ಕಿರುಚಿತು. ಕಪ್ಪೆ ಹತ್ತು ಮಾರು ದೂರ ಬಿತ್ತು, ದಾರ ಮಾತ್ರ ನನ್ನ ಕೈಯಲ್ಲೇ ಉಬ್ಬಿ ನಿಂತಿತು. ಕುರಿ ಮೇಯಿಸುತ್ತಿದ್ದ ಓಬಣ್ಣ ಹತ್ತಿರ ಬಂದ.

"ಏನ್ ಕಳ್ಕಂಡ್ರಿ ಮೇಷ್ಟ್ರೆ?"

"ಕಳ್ಕೊಂಡಿಲ್ಲ ಓಬಣ್ಣ. ಎಸೆಯೋದು ಕಲೀತಿದೀನಿ."

"ಎಸೆಯಾಕೂ ಕಲೀಬೇಕಾ?" ಎಂದು ಅವನು ರೀಲಿನೊಳಗೆ ಇಣುಕಿದ. "ಅಯ್ಯೋ ಶಿವನೆ! ನಮ್ ಕುರಿ ಮೈಮ್ಯಾಲಿನ ತುಪ್ಪಟಾನೇ ಇದಕ್ಕಿಂತ ವಾಸಿ ಐತೆ."

ಭಾನುವಾರ ಸುವರ್ಣ ಎರಡು ರೀಲನ್ನೂ ಚೀಲಕ್ಕೆ ಹಾಕಿಕೊಂಡು, ಕೋಲನ್ನು ನನ್ನ ಕೈಗೆ ಕೊಟ್ಟು, ನನ್ನನ್ನು ಮೊಳಕಾಲ್ಮೂರಿಗೆ ಎಳೆದೊಯ್ದಳು. ಮನೆಯೊಳಕ್ಕೆ ಕಾಲಿಡುತ್ತಲೇ, "ಅಪ್ಪಾ, ನಿನಗೋಸ್ಕರ ಏನ್ ತಂದಾರೆ ನೋಡು ನಿನ್ನ ಅಳಿಯ! ಎರಡರಾಗೆ ನಿನಗೆ ಯಾವುದು ಬೇಕೋ ಅದು" ಅಂದಳು. ಅತ್ತೆ ಅಡಿಗೆಮನೆಯಿಂದ ಓಡಿಬಂದು, "ಎಂತ ಮಂಚಿ ಅಲ್ಲುಡು ನೋಡೇ" ಎಂದು ತೆಲುಗಿನಲ್ಲಿ ಹೊಗಳಿದರು. ಎಂಥ ಒಳ್ಳೆ ಅಳಿಯ ಎಂದು ಅರ್ಥ. ಒಳ್ಳೆ ಅಳಿಯ ಮಗ್ಗದ ಗುಂಡಿಯೊಳಗೆ ಇಳಿದು ಅವಿತುಕೊಳ್ಳಲು ಜಾಗವಿದೆಯೇ ಎಂದು ನೋಡುತ್ತಿದ್ದ.

ಮಾವ ಗೋಡೆಗೊರಗಿದ್ದಲ್ಲಿಂದ ಕದಲಲಿಲ್ಲ. ರೀಲನ್ನು ಕೈಗೂ ತೆಗೆದುಕೊಳ್ಳಲಿಲ್ಲ. ನಾಚಿಕೆ ಮರೆಸಲು ಏನಾದರೂ ಮಾಡಬೇಕಲ್ಲ, ಕರಿ ರೀಲಿನ ಸಿಕ್ಕನ್ನಾದರೂ ಕತ್ತರಿಸಿ ತೆಗೆಯೋಣವೆಂದು ನಾನು ಅತ್ತೆಯ ಕತ್ತರಿ ಕೇಳಿದೆ.

"ಕತ್ತರಿ ಕೆಳಗಿಡ್ರಿ."

ಮಾವ! ಮನೆಯವರೆಲ್ಲ ತಿರುಗಿ ನೋಡಿದೆವು. ಅವರು ಕೈ ಚಾಚಿದರು. ರೀಲನ್ನು ತೊಡೆಯ ಮೇಲಿಟ್ಟುಕೊಂಡು, ಸಿಕ್ಕನ್ನು ಎಳೆಯದೆ, ಮೊದಲು ಬರೀ ಸಡಿಲಿಸಿದರು. ಆಮೇಲೆ ಒಂದೊಂದೇ ಎಳೆ ಎತ್ತತೊಡಗಿದರು. "ಒಕಟಿ, ರೆಂಡು, ಮೂಡು" ಎಂದು ತುಟಿಯೊಳಗೇ ಎಣಿಕೆ; ಮಾತು ಕನ್ನಡವಾದರೂ ಕೆಲಸದ ಎಣಿಕೆ ಅವರಿಗೆ ತೆಲುಗಿನಲ್ಲೇ. ನಾನು ಅರ್ಧ ನಿಮಿಷದಲ್ಲಿ ಕತ್ತರಿಸಿ ಎಸೆಯಲಿದ್ದ ದಾರಕ್ಕೆ ಅವರು ಒಂದು ಗಂಟೆ ಕೊಟ್ಟರು. ದಾರ ಒಂದು ಕಡೆಯೂ ಹರಿಯಲಿಲ್ಲ. ಅತ್ತೆ ಬಾಗಿಲಿಗೆ ಒರಗಿ ನಿಂತವರು ಒಲೆಯ ಮೇಲಿನ ಸಾರನ್ನು ಮರೆತಿದ್ದರು.

"ಹೆಬ್ಬೆಟ್ಟು ಒತ್ತಬಾರ್ದು ಅಳಿಯಂದ್ರೆ, ಇಡಬೇಕು" ಎಂದರು ಮಾವ, ಉರುಳೆಯನ್ನು ಎಡ ಹೆಬ್ಬೆರಳಿನಿಂದ ಸವರಿ ತಿರುಗಿಸುತ್ತ. "ದಾರ ನಿಲ್ಲೋಕೆ ಮುಂಚೆ ಹೇಳ್ತೈತೆ. ಅದು ಬೆರಳಿಗೆ ಕೇಳಿಸ್ಬೇಕು." ಆಮೇಲೆ ಹಿಡಿಕೆಯನ್ನು ಒಂದು ಸುತ್ತು ತಿರುಗಿಸಿ, ರೀಲಿನ ಬಲಗಡೆ ಮುಟ್ಟಿ, "ಇದನ್ನ ಈ ಕಡೀಗೆ ಹಾಕಾಕೆ ಬರಲ್ವಾ?" ಎಂದು ಕೇಳಿದರು. ಬರುವುದಿಲ್ಲ, ಕಾರ್ಖಾನೆಯಲ್ಲೇ ಹಾಗೆ ಮಾಡಿರುತ್ತಾರೆ ಎಂದು ನಾನು ಪಾಠ ಮಾಡಿದೆ. ಕೊನೆಗೂ ಕೇಳುವವರೊಬ್ಬರು ಸಿಕ್ಕಿದ್ದರು. "ಹೌದಾ. ಇರಲಿ, ಚೆನ್ನಾಗೈತೆ" ಎಂದರು ಅವರು, ಮಗಳ ಮುಖ ನೋಡಿ. ಕೆರೆಗೆ ಹೋಗೋಣವೆಂದು ಅವರೇ ಎದ್ದರು. ಅತ್ತೆ ಮೀನಿಗೆಂದು ಮಸಾಲೆ ಅರೆಯಲು ಕೂತರು.

ಕೆರೆಯ ದಾರಿಯಿಂದ ಬ್ರಹ್ಮಗಿರಿ ಅಷ್ಟೇನೂ ದೂರವಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದೆ ಮೌರ್ಯ ದೊರೆಯೊಬ್ಬ ಅಲ್ಲಿಯ ಬಂಡೆಯ ಮೇಲೆ ಪ್ರಜೆಗಳಿಗೆ ಒಂದಿಷ್ಟು ಬುದ್ಧಿಮಾತು ಕೆತ್ತಿಸಿದ್ದಾನೆ: ತಂದೆತಾಯಿಯ ಮಾತು ಕೇಳಿ, ಪ್ರಾಣಿಗಳಲ್ಲಿ ದಯೆಯಿಡಿ, ನಿಜ ನುಡಿಯಿರಿ. ಮಕ್ಕಳನ್ನು ಪ್ರವಾಸಕ್ಕೆ ಕರೆತಂದಾಗಲೆಲ್ಲ ಇದನ್ನು ನಾನೇ ಗಟ್ಟಿಯಾಗಿ ವಿವರಿಸಿದ್ದೇನೆ. ಅವತ್ತು ಅತ್ತೆಮನೆಯ ಸ್ಕೂಟರಿನಲ್ಲಿ ಮಾವನನ್ನು ಕೂರಿಸಿಕೊಂಡು ಹೋಗುವಾಗ ಅದೊಂದು ದೂರಿನ ಪಟ್ಟಿಯಂತೆ ನೆನಪಾಯಿತು. ಪ್ರಾಣಿದಯೆಯನ್ನು ಗಾಳದಲ್ಲೇ ಬಿಟ್ಟಿದ್ದೆ. ಉಳಿದಿದ್ದರಲ್ಲಿ ಒಂದನ್ನಾದರೂ ನಡೆಸೋಣ ಅನ್ನಿಸಿತು.

ಕೆರೆಯ ಮೀನನ್ನು ಹರಾಜಿನಲ್ಲಿ ಹಿಡಿದವರ ಅನುಮತಿ ಕೇಳಿ ಏರಿಯ ಕೆಳಗೆ ನಿಂತೆವು. ಮಾವ ಕೋಲನ್ನು ಎಡಗೈಗೆ ತೆಗೆದುಕೊಂಡರು. ಕಪ್ಪೆ ಹೋದದ್ದು ಸದ್ದಿಲ್ಲದೆ, ಜೊಂಡಿನ ಪಕ್ಕಕ್ಕೇ. ಉರುಳೆ ಕಪ್ಪೆಯ ಜೊತೆಗೇ ನಿಂತಿತು. ಜೀವಮಾನದ ಮೊದಲ ಎಸೆತ! ಆಮೇಲೆ ಮಾತ್ರ ಪಜೀತಿ. ಹಿಡಿಕೆ ಇರುವುದು ಎಡಕ್ಕೆ, ಅವರ ಕೋಲು ಇರುವುದೂ ಎಡಗೈಯಲ್ಲಿ. ಪ್ರತಿ ಸಲವೂ ಕೋಲನ್ನು ಬಲಗೈಗೆ ದಾಟಿಸಿ, ಎಡಗೈಯಲ್ಲಿ ತಿರುಗಿಸಬೇಕು. ಅಷ್ಟು ಹೊತ್ತು ಕಪ್ಪೆ ಕುಣಿಯದೆ ಸುಮ್ಮನೆ ತೇಲುತ್ತಿತ್ತು.

"ಮಾವ, ನೀವು ಎಡಚರಾ?"

"ಹುಟ್ಟಿದಾಗಿಂದ" ಎಂದು ಅವರು ನಕ್ಕರು. "ಉಣ್ಣೋದೊಂದು ಬಲಗೈ, ನಮ್ಮವ್ವ ಹೊಡೆದು ಕಲಿಸಿದ್ದು. ಮಗ್ಗದ ಹಗ್ಗ ಎಳಿಯೋದು ಎಡಗೈಯಾಗೇ. ನಮ್ಮಪ್ಪ ಬಡಗೀನ ಕೂರಿಸ್ಕೊಂಡು ಮಗ್ಗಾನೇ ನನ್ನ ಎಡಗೈಗೆ ಮಾಡಿಸಿದ."

ಇಪ್ಪತ್ತೆರಡು ವರ್ಷ ಆ ಮಗ್ಗದ ಎದುರಿಗೆ ಕೂತು ಕಾಫಿ ಕುಡಿದವನು ನಾನು. ಫೋನಿನಲ್ಲಿ ಮೂರು ತಿಂಗಳು ಹಲ್ಲುಚಕ್ರ ಎಣಿಸಿದೆ, ಮಾವನ ಕೈ ಯಾವುದೆಂದು ಒಂದು ದಿನ ನೋಡಲಿಲ್ಲ. ನನಗೆ ತುಂಬಾ ನಾಚಿಕೆಯಾಯಿತು. "ಮಾವ, ಇದು ನಿಮಗೆ ಅಂತ ತಂದದ್ದಲ್ಲ. ನನಗೇ ತಂದೆ. ಸುವರ್ಣಂಗೆ ಸುಳ್ಳು ಹೇಳಿದೆ" ಅಂದುಬಿಟ್ಟೆ.

"ಹಿಡಿಕೆ ನೋಡಿದಾಗ್ಲೇ ಗೊತ್ತಾಯ್ತು ಬಿಡ್ರಿ" ಎಂದರು ಅವರು, ನೀರಿನ ಮೇಲಿಂದ ಕಣ್ಣು ತೆಗೆಯದೆ. "ನನ್ನ ಮಗಳು ಖುಷಿಯಾಗವ್ಳೆ. ಹೇಳಾಕೆ ಹೋಗ್ಬೇಡ್ರಿ."

ಇಷ್ಟು ಸಲೀಸಾಗಿ ಕ್ಷಮೆ ಸಿಕ್ಕಿದ್ದರಿಂದ ನನಗೆ ಧೈರ್ಯ ಬಂತು. ನಗುತ್ತ ನನ್ನ ನಡುಬೆಲೆಯ ಸಿದ್ಧಾಂತವನ್ನೆಲ್ಲ ಹೇಳಿದೆ: ಡಾಕ್ಟರು, ಲೆಕ್ಕದ ಹುಡುಗ, ಮಧ್ಯದಲ್ಲಿ ನಾನು. ಮಾವ ಮೊದಲ ಬಾರಿಗೆ ನನ್ನ ಕಡೆ ತಿರುಗಿದರು.

"ಯಾರು ಹೇಳಿದ್ದು ನಿಮಗೆ ಹಂಗೆ? ಹೆಣ್ಣು ನೋಡಾಕೆ ಬಂದೋರಿಗೆಲ್ಲ ಮಗ್ಗದ ಮ್ಯಾಲಿದ್ದ ಸೀರೆ ತೋರಿಸ್ತಿದ್ದೆ. ಎಲ್ರೂ ಇದು ಎಷ್ಟಕ್ಕೆ ಹೋಗ್ತೈತೆ ಅಂತ ಕೇಳೋರು. ನೀವೊಬ್ರು ಇದು ಎಷ್ಟು ದಿನದ ಕೆಲಸ ಅಂತ ಕೇಳಿದ್ರಿ. ಸಾಕು ಅಂತ ಒಳಗೆ ಹೋಗಿ ಹೇಳಿದೆ."

ನಾನು ಹಾಗೆ ಕೇಳಿದ್ದು ನನಗೆ ಒಂದಿಷ್ಟೂ ನೆನಪಿಲ್ಲ. ಅವರು ಮಾತ್ರ ನೆನಪಿಟ್ಟುಕೊಂಡು ಇಷ್ಟು ವರ್ಷ ನನ್ನನ್ನು "ಊಟ ಆಯ್ತಾ" ಎಂದು ಕೇಳುತ್ತ ಬಂದಿದ್ದರು. ನಾನು ಕೆರೆ ನೋಡುತ್ತ ನಿಂತೆ. ಒಂದು ಕೊರಮೀನು ಕಪ್ಪೆಯ ಹಿಂದೆ ಎದ್ದು, ಮಾವ ಕೈ ಬದಲಾಯಿಸುವಷ್ಟರಲ್ಲಿ ತಪ್ಪಿಸಿಕೊಂಡಿತು. "ಥೂ ನಿನ್ನ!" ಎಂದು ಅವರು ಬಾಯಿ ತುಂಬ ಬೈದರು. ಅರೆದಿಟ್ಟ ಮಸಾಲೆಯನ್ನು ಆ ರಾತ್ರಿ ಅತ್ತೆ ಬದನೆಕಾಯಿಗೆ ಹಾಕಿದರು.

ನೀಲಿ ರೀಲು ಆರನೆಯ ದಿನ ವಾಪಸ್ ಹೋಯಿತು. ಅದರ ಬದಲಿಗೆ ಅದೇ ಬೆಲೆಯ, ಹಿಡಿಕೆ ಬಲಕ್ಕಿರುವ ಒಂದು ಬಂದಿದೆ. ದಾರ ಸುತ್ತಲು ಮಾವ ಯಾರನ್ನೂ ಬಿಡಲಿಲ್ಲವಂತೆ. ಮಗ್ಗದ ಅಂಚಿನಲ್ಲಿ ಕೂತು ತಾವೇ ಸುತ್ತಿಕೊಂಡರಂತೆ. ಒಂದೇ ಸಾಕು ಎಂದಿದ್ದವರು ಎರಡು ಯಾಕೆ ಇಟ್ಟುಕೊಂಡಿರಿ ಎಂದು ಸುವರ್ಣ ಕೇಳಿದಾಗ, ಒಂದು ನಿಮ್ಮಪ್ಪನಿಗೆ, ಒಂದು ನನಗೆ ಎಂದು ಉತ್ತರ ಕೊಟ್ಟೆ. ಈ ಇಡೀ ವ್ಯವಹಾರದಲ್ಲಿ ಅವಳಿಗೆ ನಾನು ಹೇಳಿದ ಮೊದಲ ನಿಜ ಅದು. ಅದಕ್ಕೆ ತುಪ್ಪ ಬೀಳಲಿಲ್ಲ.

ಈಗ ಪ್ರತಿ ಶನಿವಾರ ಸಂಜೆ ನನ್ನ ಫೋನ್ ಬಡಿದುಕೊಳ್ಳುತ್ತದೆ. "ಊಟ ಆಯ್ತಾ?" ಎಂದು ಮಾವ ಕೇಳುವುದಿಲ್ಲ. "ಹೆಬ್ಬೆಟ್ಟು ಹೆಂಗೈತೆ?" ಎಂದು ಕೇಳುತ್ತಾರೆ. ಕಲೀತಿದೆ ಮಾವ ಅನ್ನುತ್ತೇನೆ. "ಸಿಕ್ಕು ಬಿದ್ರೆ ಹಂಗೇ ತಗೊಂಬನ್ನಿ, ಕತ್ತರಿ ಮುಟ್ಟಬ್ಯಾಡ್ರಿ" ಎಂದು ಎಚ್ಚರಿಸಿ ಇಡುತ್ತಾರೆ. ಈ ಮಾತು ನಿಮ್ಮಲ್ಲೇ ಇರಲಿ, ನನ್ನ ಹೆಬ್ಬೆರಳು ಈಚೆಗೆ ಸಾಕಷ್ಟು ಸುಧಾರಿಸಿದೆ. ಆದರೂ ಶನಿವಾರ ಬಂತೆಂದರೆ ಕಾವಲಿಗೆ ಹೋಗಿ, ಉರುಳೆಯನ್ನು ಬೇಕೆಂದೇ ಒಂದಿಷ್ಟು ಹೆಚ್ಚು ಓಡಲು ಬಿಡುತ್ತೇನೆ.