ಎಲೆ ಬಾರದ ದಿನ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಆಫೀಸಿನಲ್ಲಿ ನಾನು ಅದಕ್ಕೆ ಬೇರೆ ಬೇರೆ ಹೆಸರು ಕೊಟ್ಟುಕೊಂಡು ಬಂದಿದ್ದೇನೆ. ಜವಾಬ್ದಾರಿ ಅಂದಿದ್ದೇನೆ, ಮುಂದಾಲೋಚನೆ ಅಂದಿದ್ದೇನೆ. ಮನೆಯಲ್ಲಿ ಅವ್ವೆ ಮಾತ್ರ ಅದನ್ನು ಅದರ ಹೆಸರಿನಿಂದಲೇ ಕರೆಯುತ್ತಾಳೆ.

ನೀಲಗಿರಿಯ ಎಮರಾಲ್ಡ್ ಕಡೆಯ ಒಂದು ಸಣ್ಣ ಟೀ ಫ್ಯಾಕ್ಟರಿಯಲ್ಲಿ ನನಗೆ ಹದಿನೇಳು ವರ್ಷದ ಕೆಲಸ. ಸುತ್ತಲಿನ ಹಟ್ಟಿಗಳ, ಅಂದರೆ ನಮ್ಮ ಬಡಗರ ಊರುಗಳ, ಸಣ್ಣ ಬೆಳೆಗಾರರು ಕಿತ್ತ ಹಸಿರೆಲೆಯನ್ನು ದಿನವೂ ಇಲ್ಲಿಗೆ ಕಳಿಸುತ್ತಾರೆ. ಯಾರ ಎಲೆ ಎಷ್ಟು ತೂಗಿತು, ಯಾವ ಲಾರಿಯಲ್ಲಿ ಬಂತು ಎಂಬುದೆಲ್ಲ ಒಂದು ಹಳೆಯ ಸಾಫ್ಟ್‌ವೇರ್‌ನಲ್ಲಿ ಇತ್ತು. ಅದರ ಮೊಂಡುತನ ಬಲ್ಲವಳು ನಾನೊಬ್ಬಳೇ. ಚಳಿ ಹೆಚ್ಚಿದ ಬೆಳಿಗ್ಗೆ ಅದು ಏಳುತ್ತಲೇ ಇರಲಿಲ್ಲ. ಆಗ ಯಾವ ಕೀಲಿಯನ್ನು ಎಷ್ಟು ಹೊತ್ತು ಒತ್ತಿ ಹಿಡಿಯಬೇಕು ಎಂಬುದನ್ನು ನಾನು ಯಾರಿಗೂ ಹೇಳಿಕೊಟ್ಟಿರಲಿಲ್ಲ. ನಾನು ರಜೆ ಹಾಕಿದರೆ ಫ್ಯಾಕ್ಟರಿಯಿಂದ ನಾಲ್ಕು ಸಲ ಫೋನ್ ಬರುತ್ತಿತ್ತು. ಗೊಣಗುತ್ತಾ ಎತ್ತುತ್ತಿದ್ದೆ. ಬಾರದಿದ್ದರೆ ನಿಜವಾಗಿಯೂ ಬೇಜಾರಾಗುತ್ತಿತ್ತು.

ಕೊನೆಗೆ ಅದನ್ನು ತಯಾರಿಸಿದ ಕಂಪನಿಯೇ ಕೈಬಿಟ್ಟಿತು. ಹಳೆಯದು ಇನ್ನು ನಡೆಯುವುದಿಲ್ಲ, ಹೊಸದಕ್ಕೆ ಬದಲಾಯಿಸಿಕೊಳ್ಳಿ ಎಂದು ಕಾಗದ ಬಂತು. ನಮ್ಮ ಮುಂದೆ ಎರಡು ದಾರಿ ಇತ್ತು. ಒಂದು, ಕೊಯಮತ್ತೂರಿನಲ್ಲಿರುವ ಆ ಕಂಪನಿಯ ಪಾರ್ಟ್ನರ್ ಸಂಸ್ಥೆ. ಮಾರುವುದೂ ಅವರೇ, ಹಾಕಿಕೊಡುವುದೂ ಅವರೇ. ಇನ್ನೊಂದು, ಯಾವ ಕಂಪನಿಗೂ ಸೇರದೆ ಸ್ವತಂತ್ರವಾಗಿ ಸಲಹೆ ಕೊಡುವ ಒಬ್ಬರನ್ನು ಕರೆಸಿ, ನಮ್ಮ ಕೆಲಸ ತೋರಿಸಿ, ಅವರು ಹೇಳಿದಷ್ಟನ್ನೇ ತರಿಸಿಕೊಳ್ಳುವುದು. ಫ್ಯಾಕ್ಟರಿಯ ಅಧ್ಯಕ್ಷರು ನಮ್ಮ ಹಟ್ಟಿಯ ಹಿರಿಯರೇ. ಬಿಳಿ ಪೇಟ ಸರಿಮಾಡಿಕೊಳ್ಳುತ್ತಾ ನನ್ನ ಮೇಜಿನ ಮುಂದೆ ಕೂತರು.

"ನೀ ಎನ ಹೇಳುವೆಯೋ ಎಂಗಗ ಅದೇ ಸರಿ" ಎಂದರು. "ನಿನ್ನ ತಂಗೆಯೂ ಅದೇ ಕೆಲಸ ಮಾಡುವಳಲ್ಲ, ಅವಳ ಒಂದು ಮಾತು ಕೇಳಿ ನೋಡು."

ತಂಗಿ ಎಂದರೆ ಚಿಕ್ಕಪ್ಪನ ಮಗಳು, ನನಗಿಂತ ಎರಡು ವರ್ಷ ಚಿಕ್ಕವಳು. ಊಟಿಯ ಕಂಪ್ಯೂಟರ್ ಕ್ಲಾಸಿಗೆ ಇಬ್ಬರೂ ಒಂದೇ ಬಸ್ಸಿನಲ್ಲಿ, ಒಂದೇ ಶಾಲು ಹೊದ್ದುಕೊಂಡು ಹೋಗುತ್ತಿದ್ದೆವು. ಪರೀಕ್ಷೆಯಲ್ಲಿ ಅವಳು ಮೊದಲನೆಯವಳು, ನಾನು ಮೂರನೆಯವಳು. ಎರಡನೆಯವಳಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ. ಆಮೇಲೆ ಅವಳು ಕೊಯಮತ್ತೂರಿನಲ್ಲಿ ಹತ್ತು ವರ್ಷ ಕೆಲಸ ಮಾಡಿ, ಪಕ್ಕದ ಹಟ್ಟಿಗೆ ಮದುವೆಯಾಗಿ ಬಂದು, ಮನೆಯಿಂದಲೇ ಶಾಲೆಗಳಿಗೆ, ಫ್ಯಾಕ್ಟರಿಗಳಿಗೆ ಸಲಹೆ ಕೊಡುತ್ತಿದ್ದಳು.

ಬಂದು ಲ್ಯಾಪ್‌ಟಾಪ್ ತೆರೆದು ಜಂಭ ಮಾಡುತ್ತಾಳೆ ಎಂದುಕೊಂಡಿದ್ದೆ. ಹಾಗೆ ಮಾಡಿದ್ದರೆ ನನಗೂ ಅನುಕೂಲವಾಗುತ್ತಿತ್ತು. ಅವಳು ಮೂರು ದಿನ ಎಲೆ ತೂಗುವ ಕಡೆ ಒಂದು ಮಣೆ ಹಾಕಿಕೊಂಡು ಕೂತಳು. ಲಾರಿ ಡ್ರೈವರುಗಳ ಹತ್ತಿರ ಮಾತಾಡಿದಳು, ಎಲೆ ಮೂಟೆ ಇಳಿಸುವ ಹೆಂಗಸರ ಹತ್ತಿರ ಮಾತಾಡಿದಳು. ತೂಕ ಹಾಕುವವನು ಅವಳಿಗೆ ಅತಿಥಿಗಳ ಗಾಜಿನ ಲೋಟದಲ್ಲಿ ಟೀ ಕೊಟ್ಟ. ಹದಿನೇಳು ವರ್ಷದಲ್ಲಿ ಆ ಲೋಟ ಒಂದು ದಿನವೂ ನನ್ನ ಕೈಗೆ ಬಂದಿರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ನನ್ನ ಕುರ್ಚಿಯಲ್ಲಿ ಕೂತಳು. ಅಂದು ಸಾಫ್ಟ್‌ವೇರ್ ಮೊಂಡು ಹಿಡಿದಿತ್ತು. ಹಿಡಿಯಲಿ, ನೋಡೋಣ ಎಂದು ನಾನು ಸುಮ್ಮನೆ ನಿಂತಿದ್ದೆ. ಅವಳು ಎರಡು ಸಲ ಏನೇನೋ ಮಾಡಿ ನೋಡಿ, ಮೂರನೆಯ ಸಲ ನನ್ನ ಕೀಲಿಯನ್ನೇ ಒತ್ತಿ ಹಿಡಿದಳು. ಅದು ಎದ್ದಿತು. ನನ್ನ ಹದಿನೇಳು ವರ್ಷದ ಗುಟ್ಟು ಐದು ನಿಮಿಷಕ್ಕೂ ಬಾಳಲಿಲ್ಲ. ಅವಳು ತಿರುಗಿ ನನ್ನ ಮುಖ ನೋಡಿದಳು.

"ಅಕ್ಕ, ಇಷ್ಟು ವರುಷ ಇದೆಲ್ಲಾವ ನೀ ಒಬ್ಬಳೇ ಹೊತ್ತೆಯಾ?"

ಅದು ಮೆಚ್ಚುಗೆಯ ಮಾತು, ಈಗ ಗೊತ್ತಾಗುತ್ತದೆ. ಅಂದು ನನಗೆ ಕನಿಕರ ಕೇಳಿಸಿತು. ಅವಳ ಕನಿಕರ ನನಗೆ ಬೇಕಾಗಿರಲಿಲ್ಲ.

ಹೋಗುವಾಗ ನಾಲ್ಕು ಹಾಳೆ ಕೈಬರಹ ಕೊಟ್ಟಳು. ಹೊಸ ಸಾಫ್ಟ್‌ವೇರ್ ಎಲ್ಲಿಂದಲೇ ಬರಲಿ, ನಮ್ಮ ಕಡೆಯ ಇಷ್ಟು ಪದ್ಧತಿಗಳಿಗೆ ಅದು ಹೊಂದಬೇಕು ಎಂದು ಸಾಲು ಸಾಲಾಗಿ ಬರೆದಿದ್ದಳು. ಮಳೆಯಲ್ಲಿ ನೆನೆದ ಎಲೆಗೆ ತೂಕ ಕಳೆಯುವುದು ಹೇಗೆ, ಅಣ್ಣ ತಮ್ಮಂದಿರ ಎಲೆ ಒಂದೇ ಮೂಟೆಯಲ್ಲಿ ಬಂದರೆ ಯಾರ ಹೆಸರಿಗೆ ಹಾಕುವುದು, ಎಲ್ಲ ಇತ್ತು. ಒಂದೇ ಒಂದು ತಪ್ಪು ಸಿಗಲಿ ಎಂದು ಮೂರು ಸಲ ಓದಿದೆ. ಸಿಗಲಿಲ್ಲ.

ಮರುವಾರ ಪಾರ್ಟ್ನರ್ ಕಡೆಯವನು ಬಂದ. ಬಣ್ಣದ ಫೈಲು, ಗೋಡೆಯ ಮೇಲೆ ಚಿತ್ರ. ನಾನು ಏನು ಕೇಳಿದರೂ "ಕವಲೆಯೇ ವೇಂಡಾಂ ಮೇಡಂ" ಎಂದು ತಮಿಳಿನಲ್ಲಿ ಧೈರ್ಯ ಹೇಳುತ್ತಿದ್ದ, ಚಿಂತೆಯೇ ಬೇಡವಂತೆ. ನೆನೆದ ಎಲೆಯ ವಿಷಯ ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದ. ಸಂಜೆ ನಾಲ್ಕರೊಳಗೆ ಎಲೆ ಕೊಡದ ಸದಸ್ಯ ಬೆಳೆಗಾರರಿಗೆ ತಾನಾಗಿಯೇ ಮೆಸೇಜ್ ಹೋಗುತ್ತದೆ ಎಂಬುದು ಅವನ ದೊಡ್ಡ ಹೆಮ್ಮೆ. ಅವನು ನನ್ನನ್ನು ಮೇಡಂ ಎಂದು ಕರೆದ. ಫ್ಯಾಕ್ಟರಿಯ ಪರವಾಗಿ ನಮ್ಮ ಜೊತೆ ಫೋನಿನಲ್ಲಿ ಮಾತಾಡಬೇಕಾದವರು ನೀವೊಬ್ಬರೇ ಎಂದ. ಅಲ್ಲಿಗೆ ನನ್ನ ತೀರ್ಮಾನ ಆಗಿಹೋಗಿತ್ತು.

ಕಮಿಟಿಯ ಮುಂದೆ ನಾನು ಸುಳ್ಳು ಹೇಳಲಿಲ್ಲ. "ಅವಳು ಒಬ್ಬಳೇ. ನಾಳೆ ಅವಳಿಗೆ ಹುಷಾರಿಲ್ಲದೆ ಹೋದರೆ ಯಾರ ಬಾಗಿಲು ತಟ್ಟುವುದು? ಇವರ ಹಿಂದೆ ಕಂಪನಿ ಇದೆ" ಎಂದೆ. ಎಲ್ಲರೂ ತಲೆಯಾಡಿಸಿದರು. ಆ ಮಾತು ಸರಿಯಾದದ್ದೇ, ಬೇರೆ ಯಾರು ಹೇಳಿದ್ದರೂ ಸರಿಯೇ. ನಾನು ಹೇಳಿದ್ದು ಮಾತ್ರ ಬೇರೆ ಕಾರಣಕ್ಕೆ: ಪಾರ್ಟ್ನರ್ ಕೊಯಮತ್ತೂರಿನಲ್ಲಿ ಇರುತ್ತಾನೆ, ಅವಳು ಪಕ್ಕದ ಹಟ್ಟಿಯಲ್ಲಿ ಇರುತ್ತಾಳೆ. ಅವಳು ಒಳಗೆ ಬಂದರೆ ಆ ಆಫೀಸಿನಲ್ಲಿ ನಾನು ಮತ್ತೆ ಮೂರನೆಯವಳು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನನ್ನ ಪರವಾಗಿ ಅರ್ಧ ಕೆಲಸ ಮಾಡಿತು.

ಪಾರ್ಟ್ನರ್ ನಮ್ಮ ಪದ್ಧತಿಗಳ ಪಟ್ಟಿ ಕೇಳಿದ. ನಾಚಿಕೆಯಿಲ್ಲದೆ ಅವಳ ಹಾಳೆಗಳನ್ನೇ ಮುಂದಿಟ್ಟುಕೊಂಡು ನನ್ನ ಕೈಬರಹದಲ್ಲಿ ನಕಲು ಮಾಡಿದೆ. ಕೊನೆಯ ಹಾಳೆಯಲ್ಲಿ ಒಂದು ಸಾಲು ಇತ್ತು: "ಹಟ್ಟಿಯಲ್ಲಿ ಸಾವಾದ ದಿನ ಆ ಹಟ್ಟಿಯವರು ಯಾರೂ ಎಲೆ ಕೀಳುವುದಿಲ್ಲ. ಅಂದು ಅವರಿಗೆ ಮೆಸೇಜ್ ಹೋಗಬಾರದು." ಅದನ್ನು ಓದಿ ಮೈಯೆಲ್ಲ ಉರಿಯಿತು. ಸಾವಿನ ದಿನ ಯಾರೂ ತೋಟಕ್ಕೆ ಕಾಲಿಡುವುದಿಲ್ಲ ಎಂಬುದು ನಮ್ಮಲ್ಲಿ ಎಳೆಯ ಮಕ್ಕಳಿಗೂ ಗೊತ್ತು. ಇದನ್ನೂ ಇವಳು ನನಗೆ ಕಲಿಸಬೇಕೆ? ಆ ಸಾಲನ್ನು ಬಿಟ್ಟೆ. ನಮಗೆಲ್ಲ ಗೊತ್ತಿರುವುದು ಕೊಯಮತ್ತೂರಿನ ಕಂಪ್ಯೂಟರಿಗೆ ಗೊತ್ತಿರುವುದಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ. ಹತ್ತು ವರ್ಷ ಹೊರಗಿದ್ದು ಬಂದವಳಿಗೆ ಹೊಳೆದಿತ್ತು.

ಹೊಸದು ಬಂದ ಎರಡನೆಯ ತಿಂಗಳು ಒಂದು ಬೆಳಿಗ್ಗೆ ಚಿಕ್ಕಪ್ಪ ತೀರಿಕೊಂಡರು. ಅವಳ ಅಪ್ಪ. ನನ್ನನ್ನೂ ಹೆಗಲ ಮೇಲೆ ಕೂರಿಸಿಕೊಂಡು ಊಟಿಯ ಮಾರ್ಕೆಟ್ ತೋರಿಸಿದವರು. ಸುತ್ತಲಿನ ಹಟ್ಟಿಗಳಿಂದ ಜನ ಬಂದರು. ಹೆಂಗಸರು ಮಂಚದ ಸುತ್ತ ಕೂತು ಅತ್ತರು. ನಮ್ಮ ಹಟ್ಟಿಯಿಂದ ಅಂದು ಒಂದು ಎಲೆಯೂ ಹೋಗಲಿಲ್ಲ. ಫ್ಯಾಕ್ಟರಿಗೆ ಒಂದು ಫೋನ್ ಮಾಡಿ ಹೇಳಿದ್ದರೆ ಸಾಕಿತ್ತು. ನನಗೆ ನೆನಪಾಗಲಿಲ್ಲ.

ಮಧ್ಯಾಹ್ನ ಕಳೆದ ಮೇಲೆ ಒಬ್ಬ ಹಿರಿಯರು ಮಂಚದ ಬಳಿ ನಿಂತು, ಸತ್ತವರ ಪಾಪಗಳನ್ನು ಒಂದೊಂದಾಗಿ ಹೇಳತೊಡಗಿದರು. ಅದು ನಮ್ಮ ಹಳೆಯ ಸಂಪ್ರದಾಯ. ಸತ್ತವರು ಮಾಡಿದ್ದರೂ ಸರಿ, ಮಾಡದಿದ್ದರೂ ಸರಿ, ಮನುಷ್ಯರು ಮಾಡುವ ಪಾಪಗಳನ್ನೆಲ್ಲ ಹೇಳಿ ಕ್ಷಮೆ ಬೇಡುತ್ತಾರೆ. ಸುತ್ತ ನಿಂತವರು ಪ್ರತಿಯೊಂದಕ್ಕೂ "ಪಾಪ" ಎಂದು ದನಿಗೂಡಿಸಬೇಕು. ಬೇರೆಯವರ ಎಮ್ಮೆ ಹೆಚ್ಚು ಹಾಲು ಕೊಟ್ಟಿತೆಂದು ಉರಿದುಕೊಂಡದ್ದು ಎಂದಾಗ ನಾನೂ "ಪಾಪ" ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

ಸ್ವಲ್ಪ ಹೊತ್ತಿಗೆ ನಾಲ್ಕು ಗಂಟೆಯಾಯಿತು. ಒಂದು ಫೋನ್ ಸದ್ದು ಮಾಡಿತು, ಅದರ ಹಿಂದೆ ಇನ್ನೊಂದು, ಆಮೇಲೆ ಅಂಗಳದ ತುಂಬ. ಗಂಡಸರು ಜೇಬು ತಡಕಿದರು. ಹಿರಿಯರು ಮಾತು ನಿಲ್ಲಿಸಿದರು. ಚಿಕ್ಕಪ್ಪನ ಫೋನ್ ಅವಳ ಕೈಯಲ್ಲಿತ್ತು, ಬೆಳಗಿನಿಂದ ಬರುತ್ತಿದ್ದ ಕರೆಗಳಿಗೆ ಅವಳೇ ಉತ್ತರ ಹೇಳುತ್ತಿದ್ದಳು. ಪಕ್ಕದಲ್ಲಿ ಕೂತಿದ್ದ ನಾನೂ ಓದಿದೆ. ತಮಿಳಿನಲ್ಲಿತ್ತು: "ಪ್ರಿಯ ಸದಸ್ಯರೇ, ಇಂದು ನೀವು ಎಲೆ ಕೊಟ್ಟಿಲ್ಲ. ಕಾರಣ ತಿಳಿಸಿ." ಮೇಲೆ ಚಿಕ್ಕಪ್ಪನ ಹೆಸರು.

ಅವಳು ಅದನ್ನು ಎರಡು ಸಲ ಓದಿದಳು. ನನ್ನ ಕಡೆ ತಿರುಗಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಅವಳು ಬಾಯಿ ತೆರೆಯುವ ಮೊದಲೇ ನಾನು ಸೆರಗಿನಿಂದ ಮುಖ ಒರೆಸಿಕೊಂಡೆ.

"ಅಕ್ಕ, ಆ ಸಾಲು ಅವರಿಗೆ ಹೇಳಿದೆಯಾ?"

"ಹೇಳಿದೆ" ಎಂದೆ. "ಅವರೇ ಮರೆತರು."

ಮಂಚದ ಮೇಲೆ ಚಿಕ್ಕಪ್ಪ. ಹಿರಿಯರು ಮತ್ತೆ ಪಾಪಗಳನ್ನು ಹೇಳಲು ಶುರುಮಾಡಿದ್ದರು. ಅವಳು ಫೋನ್ ಆಫ್ ಮಾಡಿ ಮಡಿಲಲ್ಲಿಟ್ಟುಕೊಂಡು, ನನ್ನ ಕೈ ಹಿಡಿದಳು.

"ಹೊರಗಿನವರಿಗ ಎಂಗ ಹಟ್ಟಿ ಸಂಗತಿ ಎನ ಗೊತ್ತು. ಬಿಡು ಅಕ್ಕ, ನೀ ಹೇಳಿದೆಯಲ್ಲ."

ಮರುದಿನ ನಾನು ಕೊಯಮತ್ತೂರಿಗೆ ಫೋನ್ ಮಾಡಿದೆ. ಹತ್ತು ನಿಮಿಷದಲ್ಲಿ ಸರಿಮಾಡಿದರು. ಮೊದಲೇ ಹೇಳಬಾರದಿತ್ತೇ ಮೇಡಂ ಎಂದರು. ಎಷ್ಟು ಬೇಗ ಸರಿಮಾಡಿಸಿದಳು ಎಂದು ಅಧ್ಯಕ್ಷರು ನಾಲ್ಕು ಜನರ ಮುಂದೆ ನನ್ನನ್ನು ಹೊಗಳಿದರು. ಅವಳ ನಾಲ್ಕು ಹಾಳೆಗಳು ಈಗಲೂ ನನ್ನ ಮೇಜಿನ ಡ್ರಾಯರ್‌ನಲ್ಲಿವೆ, ಬೀಗದ ಕೈ ನನ್ನ ಹತ್ತಿರವೇ ಇದೆ.

ನಿಜ ಹೇಳಬೇಕೆಂದರೆ, ಅಂದು ಅವಳು ನನ್ನ ಕೈ ಹಿಡಿದಾಗ ನನಗೆ ಮೊದಲು ಬಂದದ್ದು ನಾಚಿಕೆಯಲ್ಲ. ಅಪ್ಪನ ಹೆಣದ ಮುಂದೆ ಕೂತು ನನ್ನನ್ನು ಅಷ್ಟು ಸುಲಭವಾಗಿ ನಂಬಿಬಿಟ್ಟಳಲ್ಲ, ಆ ಮನಸ್ಸು ನನಗೆ ಏಕೆ ಬರಲಿಲ್ಲ ಎಂದು ಅದಕ್ಕೂ ಹೊಟ್ಟೆ ಉರಿಯಿತು.