ವೈನಿ ಬರೆದ ಸಾಲು

ವೈನಿಯ ಬಲಗೈ ತೋರುಬೆರಳಿಗೆ ಉಗುರೇ ಇರಲಿಲ್ಲ. ಹುಡುಗಿಯಾಗಿದ್ದಾಗ ಹಿರೇಕೆರೂರಿನ ತವರಿನಲ್ಲಿ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕು ತುದಿ ಹೋಗಿತ್ತಂತೆ. ಹಾಗಾಗಿ ಕಂಪ್ಯೂಟರಿನ ಕೀಲಿಗಳನ್ನು ನಡುಬೆರಳಿನಿಂದ ಒಂದೊಂದಾಗಿ ಒತ್ತುತ್ತಿದ್ದರು, ರೊಟ್ಟಿಯ ಹಿಟ್ಟು ಹದಕ್ಕೆ ಬಂತೇ ಎಂದು ನೋಡುವ ಹಾಗೆ. ಒಗ್ಗರಣೆ ಹಾಕಿದ ಕೈಯಲ್ಲೇ ಬಂದು ಕೂರುತ್ತಿದ್ದುದರಿಂದ ಕೆಳಗಿನ ಕಂಪ್ಯೂಟರಿನ ಕೀಲಿಗಳೆಲ್ಲ ಅರಿಶಿಣ ಬಣ್ಣಕ್ಕೆ ತಿರುಗಿದ್ದವು.

ಅವರು ನನ್ನ ಅಣ್ಣನ ಹೆಂಡತಿ. ಹಾನಗಲ್ಲಿನ ಮನೆಯಲ್ಲಿ ನಾವು ನಾಲ್ವರು: ಅಪ್ಪ, ಅಣ್ಣ, ವೈನಿ, ಮದುವೆಯಾಗದೆ ಉಳಿದ ನಾನು. ಮುಂಜಾನೆ ಏಳರ ಬಸ್ಸಿಗೆ ನಾನು ಶಿಗ್ಗಾವಿಯ ಕಾಲೇಜಿಗೆ ಪಾಠ ಹೇಳಲು ಹೋದರೆ ತಿರುಗಿ ಬರುವುದು ಸಂಜೆ ಐದಕ್ಕೆ. ಅಷ್ಟೊತ್ತಿಗೆ ವೈನಿ ಅಕ್ಕಿಆಲೂರಿಗೆ ಹೊಲಿಗೆ ಕಲಿಸಲು ಹೋಗಿರುತ್ತಿದ್ದರು. ಅಲ್ಲಿಯ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವ ಅಣ್ಣನ ಬೈಕಿನಲ್ಲಿ ಇಬ್ಬರೂ ಎಂಟಕ್ಕೆ ಮರಳುತ್ತಿದ್ದರು. ಅಪ್ಪನಿಗೆ ಹೃದಯದ ಆಪರೇಷನ್ ಆಗಿತ್ತು. ಹಗಲಿನ ಆರೈಕೆ ವೈನಿಯದು. ರಕ್ತ ತೆಳುವಾಗಿಡುವ ಸಂಜೆಯ ಗುಳಿಗೆ ಕೊಡುವುದು ನನ್ನ ಪಾಲಿನ ಕೆಲಸ.

ಹೀಗೆ ಒಬ್ಬರಿಗೊಬ್ಬರು ಸಿಗದ ನಮಗಾಗಿ ನಾನೊಂದು ಕೆಲಸದ ಪಟ್ಟಿ ಮಾಡಿದೆ. ಯಾವ ಕೆಲಸ, ಯಾರದು, ಯಾವಾಗ, ಮುಗಿಯಿತೋ ಇಲ್ಲವೋ. ಪಟ್ಟಿ ಇದ್ದದ್ದು ಅಪ್ಪನ ಕೋಣೆಯ ಕಂಪ್ಯೂಟರಿನಲ್ಲಿ. ವೈರು ಎಳೆದು, ಮೇಲೆ ನನ್ನ ಕೋಣೆಯ ಕಂಪ್ಯೂಟರಿನಲ್ಲೂ ಅದು ತೆರೆಯುವಂತೆ ಮಾಡಿದ್ದೆ. ಇಬ್ಬರೂ ಒಮ್ಮೆಲೇ ತೆರೆದರೆ ಒಬ್ಬರು ಬರೆದದ್ದು ಅಳಿಸಿಹೋಗುತ್ತದೆ ಎಂದು ಹೇಳಿದ್ದಕ್ಕೆ ವೈನಿ ತಮ್ಮದೇ ಉಪಾಯ ಹೂಡಿದರು. ಮುಂಜಾನೆ, ರಾತ್ರಿ ನಾನು ಮನೆಯಲ್ಲಿದ್ದಾಗ, ಕೂರುವ ಮುಂಚೆ ಮೆಟ್ಟಿಲ ಬುಡದಲ್ಲಿ ನಿಂತು, "ತಂಗೀ, ನಾ ಕುಂತೇನಿ!" ಎಂದು ಕೂಗುವುದು. ಮುಗಿದ ಮೇಲೆ, "ಎದ್ದೇನಿ!"

ವಾರಗಟ್ಟಲೆ ಕೇಳಿ ನನಗೆ ಬೇಸರ ಬಂತು. ಒಂದು ಭಾನುವಾರ ಕೂತು, ಮೇಲಿನ ಕಂಪ್ಯೂಟರು ಪಟ್ಟಿಯ ಒಂದು ಪ್ರತಿಯನ್ನು ತಾನೇ ಇಟ್ಟುಕೊಂಡು ಆಮೇಲೆ ಎರಡನ್ನೂ ಕೂಡಿಸುವ ಹಾಗೆ ಮಾಡಿದೆ. ಕೂಡಿಸುತ್ತದೆ ಎಂದು ನಂಬಿದೆ.

"ಇನ್ನ ಒದರೂದು ಬ್ಯಾಡ್ರಿ ವೈನಿ. ಇಬ್ರೂ ಕೂಡೇ ತಗದ್ರೂ ನಡಿತೈತಿ."

"ಅದರ ಮ್ಯಾಲೆ ಅಷ್ಟು ಭರೋಸಾ ಏನ? ಒದರಿದ್ರ ನನ್ನ ಬಾಯೇನ ಸವೆಯೂದಿಲ್ಲ," ಎಂದರು. ಆದರೂ ನನ್ನ ಮಾತು ಕೇಳಿ ಕೂಗುವುದನ್ನು ಬಿಟ್ಟರು. ಅಂದಿನಿಂದ ನನ್ನ ಕೋಣೆಯಲ್ಲಿ ಪಟ್ಟಿ ಹಗಲೆಲ್ಲ ತೆರೆದೇ ಇರುತ್ತಿತ್ತು.

ಎರಡು ತಿಂಗಳಾಗಿರಬೇಕು. ವೈನಿಯ ತಾಯಿಗೆ ಹುಷಾರಿಲ್ಲವೆಂದು ಹಿರೇಕೆರೂರಿನಿಂದ ಕರೆ ಬಂತು. ನಾನಿನ್ನೂ ಕಾಲೇಜಿನಲ್ಲಿದ್ದಾಗ ಅವರು ಬಸ್ ಸ್ಟ್ಯಾಂಡಿನಿಂದ ಫೋನ್ ಮಾಡಿದರು: "ನಾ ಹೊಂಟೇನಿ ತಂಗಿ. ಎಲ್ಲಾ ಪಟ್ಟಿಯೊಳಗ ಬರದೇನಿ, ನೋಡ್ಕೊ." ಸಂಜೆ ಬಂದವಳು ಮೇಲೆ ನನ್ನ ಕೋಣೆಯಲ್ಲಿ ಮರುದಿನದ ಪರೀಕ್ಷೆ ಕೆಲಸವನ್ನು ಮೊದಲು ಪಟ್ಟಿಗೆ ಸೇರಿಸಿ ಉಳಿಸಿದೆ. ಆಮೇಲೆ ಓದಿದೆ. ಸಂಜೆ ಗುಳಿಗೆ, ಒಂದು. ಕೊಟ್ಟೆ. ಮರುದಿನವೂ ಕೊಟ್ಟೆ, ಅದರ ಮರುದಿನವೂ.

ನಾಲ್ಕನೆಯ ದಿನ ಅಪ್ಪನ ಒಸಡಿನಲ್ಲಿ ರಕ್ತ ಕಂಡಿತು. ಮಧ್ಯಾಹ್ನದೊಳಗೆ ಮಾತು ತೊದಲಿತು. ಹುಬ್ಬಳ್ಳಿಗೆ ಒಯ್ದೆವು. ಮಿದುಳಿನಲ್ಲಿ ರಕ್ತ ಸೋರಿದೆ ಎಂದರು. ಎರಡು ದಿನಕ್ಕೆ ಅಪ್ಪ ಹೋದರು.

ಆಸ್ಪತ್ರೆಯ ಕಾರಿಡಾರಿನಲ್ಲಿ, ಸವಣೂರಿನಿಂದ ಬಂದ ನೆಂಟರ ಎದುರಿಗೇ ಅಣ್ಣ, ತವರಿನಿಂದ ಓಡಿ ಬಂದಿದ್ದ ವೈನಿಯನ್ನು ಕೇಳಿದ. "ಅಪ್ಪನ ರಕ್ತದ ರಿಪೋರ್ಟ್ ನೋಡಿ ಸಂಜಿ ಗುಳಿಗಿ ಬಂದ್ ಮಾಡ್ರಿ ಅಂತ ಡಾಕ್ಟರು ಫೋನ್ ಮಾಡಿದ್ರಂತ. ನಿನಗ ಹೇಳೇರಂತ. ಹೌದೇನ?"

ನಾನು ನಡುವೆ ಬಾಯಿ ಹಾಕಿದೆ. "ಪಟ್ಟಿಯೊಳಗ ಇರಲಿಲ್ಲ."

ವೈನಿ ನನ್ನ ಮುಖವನ್ನೇ ನೋಡಿದರು. ಸೆರಗು ಸರಿಮಾಡಿಕೊಂಡು, "ಬರಿಯೂದು ಮರತ್ನಿ," ಎಂದರು.

ಹದಿನೈದು ದಿನದ ಮೇಲೆ ಪಟ್ಟಿಯಿಂದ ಅಪ್ಪನ ಕೆಲಸಗಳನ್ನು ತೆಗೆಯಲು ಕೆಳಗಿನ ಕಂಪ್ಯೂಟರಿನ ಮುಂದೆ ಕೂತೆ. ಅದು ತಾನಾಗಿ ಕಾದಿಟ್ಟಿದ್ದ ಹಳೆಯ ಪ್ರತಿಗಳು ಅಲ್ಲಿದ್ದವು. ಆ ದಿನದ್ದನ್ನು ತೆರೆದೆ. "ಡಾಕ್ಟರ ಫೋನ್ ಬಂದಿತ್ತು. ಸಂಜಿ ಗುಳಿಗಿ ಐದು ದಿನ ಬಂದ್. ಮರೀಬ್ಯಾಡ ತಂಗಿ." ನಾನು ಸಂಜೆ ಉಳಿಸಿದಾಗ ಮೇಲಿನ ಕಂಪ್ಯೂಟರಿನಲ್ಲಿದ್ದ ಬೆಳಗಿನ ಪ್ರತಿ ಇದರ ಮೇಲೆ ಕೂತುಬಿಟ್ಟಿತ್ತು.

ಅಡುಗೆಮನೆಯಲ್ಲಿ ವೈನಿ ಅಕ್ಕಿ ಆರಿಸುತ್ತಿದ್ದರು. ಹೇಳಿದೆ. ಅವರು ಮೊರದಿಂದ ಕಣ್ಣೆತ್ತಲಿಲ್ಲ.

"ಗೊತ್ತೈತಿ. ಬರದದ್ದು ನನಗ ನೆನಪಿರೂದಿಲ್ಲೇನ?"

"ಮತ್ಯಾಕ ಹಂಗ ಹೇಳಿದ್ರಿ?"

"ನಾ ಸೊಸಿ. ಮರತ್ಲು ಅಂತ ನಾಕ ದಿನ ಅಂತಾರ, ಬಿಡ್ತಾರ. ನೀ ಮಗಳು. ನಿನ್ನ ಕೈಯಾಗ ಅಪ್ಪ ಹೋದ್ರು ಅನ್ನೂದು ನಿನಗ ಹೊರಾಕ ಆಗೂದಿಲ್ಲ."

"ಅಣ್ಣಗ ಹೇಳ್ತೇನಿ."

"ಬ್ಯಾಡ. ನನ್ನಾಣಿ."

ನಾನು ಆಣೆಗೆ ಕಟ್ಟುಬಿದ್ದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ ನನಗೆ ಹಗುರಾಗಿತ್ತು. ನಾಲ್ಕು ದಿನ ಅಂದು ಯಾರೂ ಬಿಡಲಿಲ್ಲ. ನೆಂಟರು ಬಂದಾಗಲೆಲ್ಲ ಆ ಮಾತು ಏಳುತ್ತಿತ್ತು. ಅಣ್ಣ ಬೈಯಲಿಲ್ಲ, ಹೊಡೆಯಲಿಲ್ಲ. ಮಾತು ಬಿಟ್ಟ. ಊಟಕ್ಕೆ ಬಡಿಸಿದರೆ ತಲೆ ಎತ್ತದೆ ಉಂಡು ಎದ್ದು ಹೋಗುತ್ತಿದ್ದ. ಬೈಕಿನಲ್ಲಿ ಕೂರಿಸಿಕೊಳ್ಳುವುದೂ ನಿಂತು, ವೈನಿ ಅಕ್ಕಿಆಲೂರಿಗೆ ಬಸ್ಸಿನಲ್ಲಿ ಹೋಗಿ ಬರತೊಡಗಿದರು. ಒಮ್ಮೆಯೂ ನನ್ನತ್ತ ಬೊಟ್ಟು ಮಾಡಲಿಲ್ಲ. ಸಂಜೆ ನಾನು ಬರುವಷ್ಟರಲ್ಲಿ ಮುಚ್ಚಿಟ್ಟ ತಾಟಿನಲ್ಲಿ ಮಂಡಕ್ಕಿ ಇರುವುದು ಒಂದು ದಿನವೂ ತಪ್ಪಲಿಲ್ಲ.

ಹೀಗೆ ಆರು ವರ್ಷ ನಡೆಯಿತು. ಹೋದ ವರ್ಷ ಜ್ವರವೆಂದು ಮಲಗಿದ ವೈನಿ ಒಂಬತ್ತನೆಯ ದಿನ ತೀರಿಕೊಂಡರು. ಮಣ್ಣು ಮಾಡಿ ಬಂದು ಪಡಸಾಲೆಯಲ್ಲಿ ಕೂತ ಅಣ್ಣ, "ಮರತ ತಪ್ಪು ಮಾಡಿದ್ಲು. ಹೋಗ್ಲಿ. ಕ್ಷಮಾ ಮಾಡೇನಿ," ಎಂದ.

ಅದನ್ನು ಕೇಳಿ ಸುಮ್ಮನಿರಲು ನನ್ನಿಂದ ಆಗಲಿಲ್ಲ. ಎಲ್ಲ ಹೇಳಿದೆ, ಆ ಹಳೆಯ ಪ್ರತಿಯನ್ನೂ ತೆರೆದು ತೋರಿಸಿದೆ. ಅವನು ಆ ಸಾಲನ್ನು ಎರಡು ಸಲ ಓದಿದ.

"ಅಕಿ ಇದ್ದಾಗ ಯಾಕ ಹೇಳಲಿಲ್ಲ?" ಎಂದಷ್ಟೇ ಕೇಳಿದ. ಎದ್ದು ಹೊರಗೆ ಹೋದ.

ಈಗ ನಾನು ಬಡಿಸಿದರೆ ಅಣ್ಣ ತಲೆ ಎತ್ತದೆ ಉಣ್ಣುತ್ತಾನೆ. ಈ ಮನೆಯಲ್ಲಿ ವೈನಿ ಆರು ವರ್ಷ ಹೇಗೆ ಬದುಕಿದರು ಎಂಬುದು ನನಗೆ ದಿನಕ್ಕೆರಡು ಹೊತ್ತು ತಿಳಿಯುತ್ತಿದೆ.