ಒಂದನೇ ಪೋರ್ಟು, ಎರಡನೇ ಪೋರ್ಟು

ಭದ್ರಾವತಿಯ ನಮ್ಮ ಎರಕದ ಶೆಡ್ಡಿನಲ್ಲಿ ಇವತ್ತು ಮಧ್ಯಾಹ್ನದವರೆಗೂ ಕುಲುಮೆ ಹಚ್ಚಲಿಲ್ಲ ಸ್ನೇಹಿತರೇ. ಕುಲುಮೆಯ ಬಿಸಿಯನ್ನು ಮೀಟರಿನಿಂದ ಕಂಪ್ಯೂಟರಿಗೆ ಕಳಿಸುವ ಹೊಸ ಪೆಟ್ಟಿಗೆ ಬಾಯೇ ಬಿಡಲಿಲ್ಲ. ಬಿಸಿಯ ದಾಖಲೆ ಇಲ್ಲದ ಎರಕವನ್ನು ಗಿರಾಕಿ ಮುಟ್ಟುವುದಿಲ್ಲ, ನಾಳೆ ಲೋಡು ಹೋಗಲೇಬೇಕು.

ಶಿವಮೊಗ್ಗದ ವಿನೋಬನಗರದಿಂದ ಎಂಜಿನಿಯರ್ ಗಿರೀಶ್ ಬಂದರು. ಪೆಟ್ಟಿಗೆಯಲ್ಲಿ ಮೀಟರಿನ ವೈರು ಸಿಕ್ಕಿಸಲು ಎರಡು ಸೀರಿಯಲ್ ಪೋರ್ಟು. ವೈರು ಇರುವ ಪೋರ್ಟಿಗೆ, ಮೀಟರು ಅಂಕಿ ಕಳಿಸುವ ವೇಗವನ್ನೇ ಹೊಂದಿಸಬೇಕಂತೆ. ಲ್ಯಾಪ್‌ಟಾಪಿನಲ್ಲಿ ವೇಗ ಬದಲಿಸಿದರು, ಮತ್ತೆ ಬದಲಿಸಿದರು, ನೆಟ್‌ವರ್ಕ್ ವೈರನ್ನೂ ಕಿತ್ತು ಮತ್ತೆ ಸಿಕ್ಕಿಸಿದರು. ಏನೂ ಬರಲಿಲ್ಲ.

"ಮೀಟರೇ ಹೋಗಿದೆ, ಹೊಸದು ತರಿಸ್ರಿ" ಎಂದುಬಿಟ್ಟರು. ನಮ್ಮ ಯಜಮಾನರು ತಲೆ ಮೇಲೆ ಕೈ ಹೊತ್ತು ಕೂತರು.

ಹೊರಡುವ ಮೊದಲು ಗಿರೀಶ್ ಟಾರ್ಚ್ ಹಿಡಿದು ಬಗ್ಗಿದರು. "ಅಮ್ಮಾ, ಪೋರ್ಟಿನ ನಂಬರ್ ಮೇಲೆ ಇದೇನ್ರೀ?"

"ಕುಂಕುಮ. ಹೊಸ ಪೆಟ್ಟಿಗೆ ಅಲ್ವೇನಪ್ಪಾ, ಬೆಳಿಗ್ಗೆ ಪೂಜೆ ಮಾಡಿದೆ" ಎಂದೆ ನಾನು.

ಒರೆಸಿದರೆ ವೈರು ಇದ್ದದ್ದು ಎರಡನೇ ಪೋರ್ಟಿನಲ್ಲಿ. ಅವರು ಅಷ್ಟು ಹೊತ್ತು ವೇಗ ಬದಲಿಸಿದ್ದೆಲ್ಲ ಒಂದನೆಯದಕ್ಕೆ.

"ಬೊಟ್ಟು ಇಡೋಕೆ ಬೇರೆ ಜಾಗ ಸಿಗ್ಲಿಲ್ವಾ ನಿಮ್ಗೆ?"

"ಅದ್ರ ಎದುರಿಗೇ ಕೂತಿದ್ರಲ್ಲ, ಕಣ್ಣಿಗೆ ಕಾಣ್ಲಿಲ್ವಾ ನಿಮ್ಗೆ?"

"ಸುಮ್ನಿರು ಮಾರಾಯ್ತಿ" ಎಂದರು ಯಜಮಾನರು.

ಎರಡನೇ ಪೋರ್ಟಿಗೆ ವೇಗ ಹೊಂದಿಸಿದ ಮೇಲೆ ಪರದೆಯಲ್ಲಿ ಅಂಕಿ ಮೂಡಿತು, ಕುಲುಮೆಯೂ ಹತ್ತಿತು. ಇನ್ನು ಮುಂದೆ ಬೊಟ್ಟು ಪೆಟ್ಟಿಗೆಯ ನೆತ್ತಿಗೆ ಮಾತ್ರ, ಒಪ್ಪಿದ್ದೇನೆ. ಆದರೆ ಒಂದು ಮಾತು ಹೇಳಿಬಿಡುತ್ತೇನೆ. ಕೊನೇ ಸಲ ಸ್ವಿಚ್ ಒತ್ತುವ ಮೊದಲು ಪೆಟ್ಟಿಗೆ ಮುಟ್ಟಿ ಕಣ್ಣಿಗೊತ್ತಿಕೊಂಡವಳು ನಾನಲ್ಲ, ಆ ಎಂಜಿನಿಯರ್ರೇ.